ಹಳೆ ಪಾಲಿಹೌಸ್ ಬಿಚ್ಚಿ, ಸಾಗಿಸಿ, ಮತ್ತೆ ನಿಲ್ಲಿಸುವುದು

ಕೊಪ್ಪಳ, ರಾಯಚೂರು, ಬಳ್ಳಾರಿ ಸೀಮೆಯಲ್ಲಿ ಪೇಪರ್ (ಮೇಲೆ ಹೊದಿಸಿದ ಪ್ಲಾಸ್ಟಿಕ್ ಹಾಳೆ) ಚಿಂದಿಯಾಗಿ, ಬರೀ ಎಲುಬುಗೂಡಿನಂತೆ ನಿಂತ ಪಾಲಿಹೌಸ್‌ಗಳು ಅಲ್ಲಲ್ಲಿ ಕಣ್ಣಿಗೆ ಬೀಳುತ್ತವೆ. ಬೋರು ಬತ್ತಿ ಬಿಟ್ಟವು ಕೆಲವು, ಒಂದು ಗಾಳಿಮಳೆಗೆ ಪೇಪರ್ ಹಾರಿಹೋಗಿ ಮತ್ತೆ ಹೊದಿಸದೇ ಉಳಿದವು ಕೆಲವು. ಮಾಲೀಕರು "10 ಗುಂಟೆ ಮನೆ ಐತಿ, ಬಿಚ್ಚಿಕೊಂಡು ಹೋಗ್ರಿ" ಅನ್ನುತ್ತಾರೆ. ಮಾತು ಕೇಳಲಿಕ್ಕೆ ಸಲೀಸು. ಆದರೆ ಲಾರಿ ಹತ್ತುವುದು ಪೈಪು, ಪೈಪುಗಳನ್ನು ಜೋಡಿಸುವ ಕ್ಲಾಂಪು, ನಟ್ಟು ಬೋಲ್ಟು ಮಾತ್ರ. ಆ ಮನೆಯ ಅಳತೆ, ಇಳಿಜಾರು, ಅದು ನಿಂತಿದ್ದ ಮಣ್ಣು ಲಾರಿ ಹತ್ತುವುದಿಲ್ಲ. ಅವನ್ನು ಬರೆದುಕೊಂಡು ಬರಬೇಕು, ಇಲ್ಲವೇ ಹೊಸದಾಗಿ ಲೆಕ್ಕ ಹಾಕಬೇಕು. ಹಳೆ ಮನೆ ತಂದು ಕೈಸುಟ್ಟುಕೊಂಡವರಲ್ಲಿ ಹೆಚ್ಚಿನವರು ಎಡವಿದ್ದು ಇಲ್ಲೇ.

ಈ ಬರಹದಲ್ಲಿ ಲೆಕ್ಕಕ್ಕೆ ಇಟ್ಟುಕೊಂಡಿರುವುದು ನಮ್ಮಲ್ಲಿ ಸಾಮಾನ್ಯವಾಗಿರುವ, ಫ್ಯಾನ್ ಇಲ್ಲದ, ಗಾಳಿ ತಾನಾಗಿ ಆಡುವ ಪಾಲಿಹೌಸ್. 8 ಮೀಟರ್ ಅಗಲದ ಕಮಾನು, 4 ಮೀಟರಿಗೊಂದು ಕಂಬ, 32 ಮೀಟರ್ ಉದ್ದ, 32 ಮೀಟರ್ ಅಗಲ. ಒಟ್ಟು 1024 ಚದರ ಮೀಟರ್, ಅಂದರೆ 10 ಗುಂಟೆಗೆ ಚೂರು ಮೇಲೆ.

ಕೊಳ್ಳುವ ಮೊದಲು

ಗುಂಟೆ ಲೆಕ್ಕದಲ್ಲಿ ರೇಟು ಮಾತಾಡಬೇಡಿ. ತೂಕದ ಲೆಕ್ಕದಲ್ಲಿ ಮಾತಾಡಿ. ಪೈಪಿನ ತೂಕ ಕಂಡುಹಿಡಿಯಲು ತಕ್ಕಡಿ ಬೇಡ: ಹೊರವ್ಯಾಸದಿಂದ ದಪ್ಪವನ್ನು ಕಳೆಯಿರಿ, ಬಂದದ್ದನ್ನು ದಪ್ಪದಿಂದ ಗುಣಿಸಿ, ಅದನ್ನು 0.02466ರಿಂದ ಗುಣಿಸಿ. ಅಳತೆ ಎಲ್ಲ ಮಿಲಿಮೀಟರಿನಲ್ಲಿ, ಉತ್ತರ ಮೀಟರಿಗೆ ಇಷ್ಟು ಕಿಲೋ ಎಂದು. 76 ಮಿ.ಮೀ. ಕಂಬ 2 ಮಿ.ಮೀ. ದಪ್ಪವಿದ್ದರೆ ಮೀಟರಿಗೆ 3.65 ಕಿಲೋ. 60ರ ಪೈಪು 2.86, 48ರದ್ದು 2.27, 42ರದ್ದು 1.97, 33ರದ್ದು 1.53. ದಪ್ಪ 2 ಇದೆ ಎಂದು ಬಾಯಲ್ಲಿ ಹೇಳಿದ್ದನ್ನು ನಂಬದೆ ವರ್ನಿಯರ್ ಹಿಡಿದು ಪೈಪಿನ ತುದಿಯಲ್ಲಿ ಅಳೆಯಿರಿ. 1.6 ಬಂದರೆ ತೂಕ ಐದರಲ್ಲೊಂದು ಪಾಲು ಇಳಿಯುತ್ತದೆ, ಗಾಳಿ ತಡೆಯುವ ಶಕ್ತಿಯೂ ಅದರ ಜೊತೆಗೇ ಇಳಿಯುತ್ತದೆ.

ನಮ್ಮ ಲೆಕ್ಕದ ಮನೆಯಲ್ಲಿ 45 ಕಂಬ, 36 ಅಡ್ಡ ಪೈಪು, 36 ದೊಡ್ಡ ಕಮಾನು, 36 ಚಿಕ್ಕ ಕಮಾನು, 160 ಮೀಟರ್ ಗಟರ್ (ಛಾವಣಿಯ ಮಳೆನೀರು ಹರಿಯುವ ದೋಣಿ) ಇರಬೇಕು. ಸುತ್ತ ಓಡಾಡುವ ಕಾರಿಡಾರ್ ಇದ್ದರೆ ಅದರ ಕಂಬ, ಹಾಕಿ ಕೋಲಿನಂತೆ ಬಾಗಿದ ಪೈಪು ಬೇರೆ. ಎಲ್ಲ ಸೇರಿ ಐದೂವರೆಯಿಂದ ಆರು ಟನ್ ಆಸುಪಾಸಿಗೆ ಬರುತ್ತದೆ. ಎಣಿಸಿ ಬರೆದುಕೊಳ್ಳಿ. ಗುಜರಿ ರೇಟು ತಿಳಿದುಕೊಂಡು ಇದಕ್ಕೆ ಹಚ್ಚಿದರೆ ಮನೆಯ ಕನಿಷ್ಠ ಬೆಲೆ ಗೊತ್ತಾಗುತ್ತದೆ. ಅದಕ್ಕಿಂತ ಮೇಲೆ ನೀವು ಕೊಡುವುದು ಕ್ಲಾಂಪುಗಳಿಗೆ, ಬಾಗಿಸಿದ ಕಮಾನುಗಳಿಗೆ, ಗಟರಿಗೆ. ಇವು ಸರಿ ಇಲ್ಲದಿದ್ದರೆ ಮೇಲೆ ಒಂದು ರೂಪಾಯಿಯೂ ಬೇಡ.

ತುಕ್ಕು ನೋಡುವ ಜಾಗ ಮೂರು. ಕಂಬ ನೆಲಕ್ಕೆ ಸೇರುವಲ್ಲಿ ಮೇಲೆ ಕೆಳಗೆ ಒಂದು ಗೇಣು ಮೊದಲನೆಯದು. ಮಣ್ಣು ಕೆದರಿ, ಸುತ್ತಿಗೆಯ ಹಿಂಬದಿಯಿಂದ ಬಡಿಯಿರಿ. ಗಟ್ಟಿ ಪೈಪು ಗಂಟೆಯ ಹಾಗೆ ನುಡಿಯುತ್ತದೆ, ತಿಂದುಹೋದದ್ದು ಡಬ್ಬದ ಹಾಗೆ. ಡ್ರಿಪ್‌ನಲ್ಲಿ ಗೊಬ್ಬರ ಬಿಟ್ಟ ಮನೆಗಳಲ್ಲಿ ಉಪ್ಪು ಕೂತು ಈ ಜಾಗವೇ ಮೊದಲು ಹೋಗುತ್ತದೆ. ಎರಡನೆಯದು ಗಟರ್ ಜೋಡಣೆಯ ಕೆಳಗಿನ ಕಂಬದ ತಲೆ. ವರ್ಷಗಟ್ಟಲೆ ನೀರು ಸೋರಿದ್ದರೆ ತಟ್ಟೆಯೇ ಸವೆದಿರುತ್ತದೆ. ಮೂರನೆಯದು ಪೈಪಿನ ಒಳಗೋಡೆ. ಅಡ್ಡ ಪೈಪಿನ ತುದಿಯಿಂದ ಟಾರ್ಚ್ ಬಿಟ್ಟು ನೋಡಿ. ಬಿಸಿ ಸತುವಿನಲ್ಲಿ ಅದ್ದಿ ತೆಗೆದ ಜಿಐ ಪೈಪಿಗೆ ಒಳಗೂ ಬೂದು ಲೇಪ ಇರುತ್ತದೆ. ತಗಡಿಗೆ ಮೊದಲೇ ಸತು ಹಚ್ಚಿ ಆಮೇಲೆ ಪೈಪು ಸುತ್ತಿದ ಜಿಪಿ ಮಾಲಿನಲ್ಲಿ ಬೆಸುಗೆಯ ಗೆರೆ ಬರಿಯದಾಗಿರುತ್ತದೆ, ಆ ಗೆರೆಯುದ್ದಕ್ಕೂ ಕೆಂಪು ತುಕ್ಕು ಹಿಡಿದಿರುತ್ತದೆ. ಹೊರಗೆ ಮಿರಮಿರ ಹೊಳೆಯುವ ಪೈಪು ಕಂಡು ಮರುಳಾಗಬೇಡಿ. ಜಿಪಿ ಹೆಚ್ಚು ಹೊಳೆಯುತ್ತದೆ, ಬೇಗ ಸಾಯುತ್ತದೆ.

ಇನ್ನೊಂದನ್ನು ಅಲ್ಲೇ ತೀರ್ಮಾನಿಸಿ. ಕಂಬದ ಒಳಗೆ ಬೇರೆ ಬುಡದ ಪೈಪು ಇದೆಯೋ, ಅಥವಾ ಕಂಬವನ್ನೇ ನೇರ ಕಾಂಕ್ರೀಟಿನಲ್ಲಿ ಹೂತಿದ್ದಾರೋ? ಮೊದಲನೆಯದಾದರೆ ನೆಲದಿಂದ ಗೇಣು ಎರಡು ಗೇಣು ಮೇಲೆ ಅಡ್ಡ ಬೋಲ್ಟು ಕಾಣುತ್ತದೆ, ಬಿಚ್ಚಿದರೆ ಕಂಬ ಪೂರ್ತಿ ಸಿಗುತ್ತದೆ. ಎರಡನೆಯದಾದರೆ ನೆಲಮಟ್ಟಕ್ಕೆ ಕೊಯ್ಯಬೇಕು, 60-75 ಸೆಂ.ಮೀ. ಕಂಬ ಮಣ್ಣಿನಲ್ಲೇ ಉಳಿಯುತ್ತದೆ. ಹೊಸ ಜಾಗದಲ್ಲಿ ಮತ್ತೆ ಹೂತರೆ ಮನೆ ಅಷ್ಟೇ ಗಿಡ್ಡ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಸೀಮೆಯಲ್ಲಿ ಗಿಡ್ಡ ಪಾಲಿಹೌಸ್ ಅಂದರೆ ಒಲೆ. ಒಳಗಡೆ 60ರ ಪೈಪು ತೂರಿಸಿ ಎತ್ತರ ಮಾಡಿಕೊಳ್ಳುತ್ತೇವೆ ಅನ್ನುವವರಿದ್ದಾರೆ. ಆಗ ಗಾಳಿಯ ಭಾರವೆಲ್ಲ ಸಣ್ಣ ಪೈಪಿನ ಬರಿಯ ಭಾಗದ ಮೇಲೆ ಬಿದ್ದು ಕಂಬ ಅಲ್ಲೇ ಮಡಚುತ್ತದೆ. ಇಂಥ ಮನೆಯನ್ನು ಗುಜರಿ ಬೆಲೆಗೆ ಸಿಕ್ಕರೆ ಮಾತ್ರ ತೆಗೆದುಕೊಳ್ಳಿ.

ಪೇಪರ್, ಕೀಟದ ನೆಟ್, ಡ್ರಿಪ್ ಲ್ಯಾಟರಲ್, ಸ್ವಯಂ ಕೊರೆಯುವ ಸ್ಕ್ರೂ ಇವಕ್ಕೆ ಬೆಲೆ ಕಟ್ಟಲೇಬೇಡಿ, ಎಲ್ಲ ಹೊಸದು ಬೇಕು. ಪೇಪರನ್ನು ಹಿಡಿದಿಡುವ ಝಿಗ್‌ಜಾಗ್ ಸ್ಪ್ರಿಂಗ್‌ನ ಪ್ಲಾಸ್ಟಿಕ್ ಲೇಪ ಸುಲಿಯದೆ ಉಳಿದಿದ್ದರೆ ಮತ್ತೆ ಬಳಸಬಹುದು. ಸುಲಿದ ಸ್ಪ್ರಿಂಗ್ ಹೊಸ ಪೇಪರನ್ನು ಗರಗಸದಂತೆ ಕೊಯ್ಯುತ್ತದೆ.

ಕಾಗದಪತ್ರ

ಮನೆ ಸಬ್ಸಿಡಿಯಲ್ಲಿ ಕಟ್ಟಿದ್ದಾದರೆ, ಅದನ್ನು ಸ್ಥಳಾಂತರಿಸಲು ಅಡ್ಡಿ ಇಲ್ಲ ಎಂಬುದನ್ನು ಮಾರುವವರು ತಾಲೂಕು ತೋಟಗಾರಿಕೆ ಕಚೇರಿಯಿಂದ ಬರಹದಲ್ಲಿ ತರಲಿ. ಸಾಲ ಇದೆಯೋ ನೋಡಲು ಪಹಣಿಯ 11ನೇ ಕಾಲಂ ಓದಿ. ಬ್ಯಾಂಕಿನ ಹೆಸರಿದ್ದರೆ ಸಾಲ ತೀರಿದ ಪತ್ರ ಕೇಳಿ. ಕರಾರಿನಲ್ಲಿ ಸಾಮಾನಿನ ಪಟ್ಟಿ ಸಂಖ್ಯೆಸಹಿತ ಇರಲಿ, ಬಿಚ್ಚಲು ಕೊಟ್ಟ ದಿನ ಎಷ್ಟು, ಗುಂಡಿ ಮುಚ್ಚುವವರು ಯಾರು, ಕರೆಂಟು ಯಾರದು ಎಂಬುದೂ ಇರಲಿ. ಗುಂಡಿಯ ಮಾತು ಬರೆಯದೆ ಬಿಟ್ಟರೆ ಕೊನೆ ದಿನ ಜಗಳ ಗ್ಯಾರಂಟಿ.

ಯಾವ ತಿಂಗಳು, ಯಾವ ಹೊತ್ತು

ಕಾರ್ತಿಕ ಮುಗಿದ ಮೇಲೆ ಶಿವರಾತ್ರಿಯ ತನಕ, ಅಂದರೆ ನವೆಂಬರ್ ಕೊನೆಯಿಂದ ಫೆಬ್ರುವರಿ ತನಕ ಒಳ್ಳೆಯ ಕಾಲ. ಹೊಲ ಒಣಗಿರುತ್ತದೆ, ಗಾಳಿ ಮೆತ್ತಗೆ, ಬಿಸಿಲು ತಡೆಯುವ ಹಾಗಿರುತ್ತದೆ. ಏಪ್ರಿಲ್-ಮೇಯಲ್ಲಿ ಮಧ್ಯಾಹ್ನದ ಮೇಲೆ ಇದ್ದಕ್ಕಿದ್ದಂತೆ ಎದ್ದುಬರುವ ಗಾಳಿಮಳೆಗೆ ಅರ್ಧ ಬಿಚ್ಚಿದ ಮನೆ ಸಿಕ್ಕರೆ ಉಳಿಯುವುದಿಲ್ಲ. ಜೂನ್‌ನಿಂದ ಆಗಸ್ಟ್ ತನಕ ಪಡುವಣ ಗಾಳಿ ದಿನವಿಡೀ ಬಿಡುವುದಿಲ್ಲ, ಎರೆಹೊಲದಲ್ಲಿ, ಅಂದರೆ ಕಪ್ಪುಮಣ್ಣಿನಲ್ಲಿ, ಲಾರಿ ಹೂತುಕೊಳ್ಳುತ್ತದೆ. ಪೇಪರ್ ಇಳಿಸುವ ಕೆಲಸ ಮಾತ್ರ ಯಾವ ತಿಂಗಳಾದರೂ ಬೆಳಿಗ್ಗೆ 6ರಿಂದ 9ರೊಳಗೆ ಮುಗಿಯಬೇಕು.

ಆರು ಜನರ ತಂಡಕ್ಕೆ ಇಷ್ಟು ದೊಡ್ಡ ಮನೆ ಬಿಚ್ಚಲು ಒಂದು ವಾರ ಹಿಡಿಯುತ್ತದೆ, ಕಟ್ಟಲು ಅದರ ಎರಡು ಪಟ್ಟು. ಮೂರು ದಿನದಲ್ಲಿ ಬಿಚ್ಚಿಕೊಡುತ್ತೇವೆ ಅನ್ನುವ ಗುತ್ತಿಗೆದಾರ ಗ್ರೈಂಡರ್ ಹಿಡಿದು ಬರುತ್ತಾನೆ, ಸ್ಪ್ಯಾನರ್ ಹಿಡಿದಲ್ಲ.

ಮೊದಲು ಹೆಸರಿಡಿ

ಒಂದು ಬೋಲ್ಟು ಮುಟ್ಟುವ ಮೊದಲೇ ಒಂದು ಪೂರ್ತಿ ದಿನ ಹೆಸರಿಡಲು ತೆಗೆದಿಡಿ. ಗಟರ್ ಸಾಲುಗಳು ಐದು, ಅವಕ್ಕೆ ಕ, ಖ, ಗ, ಘ, ಚ ಅನ್ನಿ. ಙ ಬರೆಯಲು ಹೋಗಬೇಡಿ, ಕೆಲಸದವರಲ್ಲಿ ಅರ್ಧ ಜನ ಅದನ್ನು ಬೇರೆ ಏನೋ ಎಂದು ಓದುತ್ತಾರೆ. ಪ್ರತಿ ಸಾಲಿನಲ್ಲೂ ಕಂಬ 1ರಿಂದ 9, ದಕ್ಷಿಣದಿಂದ ಉತ್ತರಕ್ಕೆ. ಹೀಗೆ ಪ್ರತಿ ಕಂಬಕ್ಕೂ ಒಂದು ಹೆಸರು: ಗ-6, ಘ-2. ಗ-6 ಮತ್ತು ಘ-6 ನಡುವಿನ ಅಡ್ಡ ಪೈಪು ಗಘ-6, ಅದರ ಮೇಲಿನ ಕಮಾನುಗಳು ಗಘ-6 ದೊಡ್ಡದು, ಗಘ-6 ಚಿಕ್ಕದು. ಕಂಬದ ಮೇಲೆ ನೆಲದಿಂದ ಒಂದು ಮೀಟರ್ ಎತ್ತರದಲ್ಲಿ, ಯಾವಾಗಲೂ ಮೂಡಣ ಮುಖಕ್ಕೆ ಬರೆಯಿರಿ. ಆಗ ಕಂಬ ಯಾವ ಕಡೆ ತಿರುಗಿತ್ತು ಎಂಬುದೂ ತಿಳಿಯುತ್ತದೆ. ಬರೆಯುವುದು ಆಯಿಲ್ ಪೇಂಟಿನಲ್ಲಿ. ಮಾರ್ಕರ್ ಪೆನ್ನಿನ ಬರಹ ಬಳ್ಳಾರಿ ಬಿಸಿಲಿಗೆ ಬೇಗ ಮಾಸಿಹೋಗುತ್ತದೆ.

ಇಷ್ಟು ತಲೆಬಿಸಿ ಯಾಕೆ, ಎಲ್ಲ ಕಂಬ ಒಂದೇ ಅಳತೆ ಅಲ್ಲವೇ ಅಂದರೆ, ಅಲ್ಲ. ಮನೆ ಕಟ್ಟುವಾಗ ನೆಲದ ಏರುತಗ್ಗಿಗೆ ತಕ್ಕಂತೆ ತೂತುಗಳನ್ನು ಅಲ್ಲಲ್ಲೇ ಕೊರೆದಿರುತ್ತಾರೆ. ಗ-6ರ ತೂತು ಗ-7ಕ್ಕೆ ಬೆರಳಗಲ ತಪ್ಪುತ್ತದೆ. ಕಂಬ ಅದಲುಬದಲಾದರೆ ಮತ್ತೆ ಕೊರೆಯಬೇಕು, ಪ್ರತಿ ಹೊಸ ತೂತೂ ಪೈಪಿನ ಬಲ ತಗ್ಗಿಸುತ್ತದೆ, ತುಕ್ಕಿಗೆ ಬಾಗಿಲು ತೆಗೆಯುತ್ತದೆ.

ಜೊತೆಗೆ ಒಂದು ನೋಟ್‌ಬುಕ್ಕಿನಲ್ಲಿ ಇವು ಇರಲಿ: ಕಂಬದಿಂದ ಕಂಬಕ್ಕೆ ನಡುವಿಂದ ನಡುವಿಗೆ ಅಳತೆ (4 ಮೀಟರ್ ಎಂದು ಬರೆದುಬಿಡಬೇಡಿ, 3.97 ಇರಬಹುದು), ಎರಡೂ ಮೂಲೆಗೆರೆಗಳ ಉದ್ದ, ಗಟರಿನ ಎರಡು ತುದಿಗಳ ಎತ್ತರದ ವ್ಯತ್ಯಾಸ, ಕಿಟಕಿ ಯಾವ ದಿಕ್ಕಿಗೆ ತೆರೆದಿದೆ. ಪ್ರತಿ ಬಗೆಯ ಜೋಡಣೆಯನ್ನೂ ಮೊಬೈಲಿನಲ್ಲಿ ಹತ್ತಿರದಿಂದ ಒಂದು, ದೂರದಿಂದ ಒಂದು ಫೋಟೋ ಹೊಡೆದಿಡಿ.

ಬೇಕಾದ ಸಾಮಾನು

8 ಎಂಎಂ ಬೋಲ್ಟಿಗೆ 13ರ ಸ್ಪ್ಯಾನರ್, 10 ಎಂಎಂಗೆ 17ರದ್ದು, ಎರಡೂ ಎರಡೆರಡು ಜೊತೆ, ರ‍್ಯಾಚೆಟ್ ಇದ್ದರೆ ಕೈ ಉಳಿಯುತ್ತದೆ. ಸ್ಕ್ರೂ ತೆಗೆಯಲು ಬ್ಯಾಟರಿ ಡ್ರಿಲ್, ಅದಕ್ಕೆ 8ರ ಆರುಮೂಲೆ ಸಾಕೆಟ್. 1 ಮಿ.ಮೀ. ಡಿಸ್ಕಿನ ಗ್ರೈಂಡರ್ ಒಂದು, ಅದು ಕೊನೆಯ ಉಪಾಯ. ಚಕ್ರದ ಸ್ಕ್ಯಾಫೋಲ್ಡಿಂಗ್ ಎರಡು, 12 ಮೀಟರಿನ ಹಗ್ಗ ನಾಲ್ಕು, ಬೆಲ್ಟು, ಹೆಲ್ಮೆಟ್, ಕನ್ನಡಕ, ಕೈಗವಸು. ನಟ್ಟು ಬೋಲ್ಟಿಗೆ ಮುಚ್ಚಳವಿರುವ ಹಳೆ ಪೇಂಟ್ ಬಕೆಟ್. ಹಳೆ ಸೈಕಲ್ ಟ್ಯೂಬು ಒಂದು ಚೀಲ, ಪೈಪಿನ ಕಟ್ಟು ಬಿಗಿಯಲು ಇದಕ್ಕಿಂತ ಒಳ್ಳೆಯದಿಲ್ಲ.

ತುಕ್ಕು ಹಿಡಿದ ಬೋಲ್ಟುಗಳಿಗೆ ಹಿಂದಿನ ಸಂಜೆಯೇ ಡೀಸೆಲ್‌ನಲ್ಲಿ ಸ್ವಲ್ಪ ಎಂಜಿನ್ ಆಯಿಲ್ ಬೆರೆಸಿ ಬ್ರಷ್ಷಿನಿಂದ ಹಚ್ಚಿ. ಬೆಳಿಗ್ಗೆಗೆ ಹೆಚ್ಚಿನವು ಜಗ್ಗುತ್ತವೆ. ಜಗ್ಗದಿದ್ದರೆ ಬೋಲ್ಟಿನ ತಲೆ ಕೊಯ್ಯಿರಿ, ಕ್ಲಾಂಪು ಕೊಯ್ಯಬೇಡಿ. ಗ್ಯಾಸ್ ಕಟ್ಟರ್ ಮಾತ್ರ ಹೊಲಕ್ಕೆ ತರಲೇಬೇಡಿ. ಸುತ್ತಲಿನ ಸತುವಿನ ಲೇಪ ಸುಟ್ಟುಹೋಗುತ್ತದೆ, ಆ ಬಿಳಿ ಹೊಗೆ ಕುಡಿದವರಿಗೆ ಕೆಲವು ತಾಸಿನ ಮೇಲೆ ಚಳಿಜ್ವರ ಬರುತ್ತದೆ.

ಬಿಚ್ಚುವ ಕ್ರಮ

ಮೊದಲ ದಿನ ಸುತ್ತ ತಿರುಗಿ ಮೇಲೆ ನೋಡಿ. ಪಂಪ್‌ಸೆಟ್ಟಿನ ತಂತಿಯೋ 11 ಕೆವಿ ಲೈನೋ ಹತ್ತಿರ ಹೋಗಿದ್ದರೆ, 6 ಮೀಟರ್ ಪೈಪನ್ನು ನೆಟ್ಟಗೆ ಎತ್ತಿದಾಗ ಅದು ತಂತಿಯ ಹತ್ತಿರಕ್ಕೂ ಸುಳಿಯಬಾರದು. ಆ ಬದಿಯ ಕೆಲಸಕ್ಕೆ ಲೈನ್‌ಮನ್ ಕರೆಸಿ ಕರೆಂಟು ತೆಗೆಸಿ.

ಒಳಗಿನಿಂದ ಶುರು ಮಾಡಿ. ಡ್ರಿಪ್, ಮಂಜಿನಂತೆ ನೀರು ಚಿಮ್ಮಿಸುವ ಫಾಗರ್, ಒಳಗಿನ ನೆರಳು ಪರದೆ ಇಳಿಸಿ. ಬೆಳೆ ಕಟ್ಟುವ ತಂತಿಗಳನ್ನು ಕಟ್ಟರಿನಿಂದ ಪಟಪಟ ಕತ್ತರಿಸಬೇಡಿ. ಅವು ಎರಡೂ ತುದಿಯ ಕಂಬಗಳನ್ನು ಒಳಕ್ಕೆ ಜಗ್ಗಿ ಹಿಡಿದಿರುತ್ತವೆ, ಕತ್ತರಿಸಿದ ತಂತಿ ಮುಖಕ್ಕೆ ಹಾರುತ್ತದೆ. ನಡುವಿನ ಸಾಲಿನಿಂದ ಆರಂಭಿಸಿ ಎರಡೂ ಬದಿಗೆ ಒಂದೊಂದಾಗಿ ಸಡಿಲಿಸಿ.

ಆಮೇಲೆ ಪೇಪರ್. ಹೆಚ್ಚು ಸಾಮಾನು, ಹೆಚ್ಚು ಕೈಕಾಲು ಮುರಿಯುವುದು ಈ ಹಂತದಲ್ಲಿ. ಬದಿಯ ನೆಟ್ಟು, ಪರದೆ ಮೊದಲು ತೆಗೆದು ಛಾವಣಿ ಆಮೇಲೆ ತೆಗೆಯೋಣ ಅನ್ನುವುದು ಸಹಜ, ಯಾಕೆಂದರೆ ಬದಿ ಕೈಗೆ ಸಿಗುತ್ತದೆ. ಹಾಗೆ ಮಾಡಿದರೆ ಗಾಳಿ ಬದಿಯಿಂದ ನುಗ್ಗಿ ಛಾವಣಿಯನ್ನು ಕೊಡೆಯಂತೆ ಮೇಲಕ್ಕೆ ಒತ್ತುತ್ತದೆ. ಛಾವಣಿ ಮೊದಲು, ಬದಿ ಆಮೇಲೆ. ಒಂದೊಂದು ಕಮಾನಿನ ಸಾಲನ್ನು ಅದೇ ಬೆಳಿಗ್ಗೆ ಪೂರ್ತಿ ಮುಗಿಸಿ. ಗಾಳಿ ಬರುವ ದಿಕ್ಕಿನ ಅಂಚನ್ನು ಕೊನೆಗೆ ಬಿಡಿ. ಗಾಳಿ ಹೋಗುವ ದಿಕ್ಕಿನ ಸ್ಪ್ರಿಂಗ್ ಮೊದಲು ಬಿಚ್ಚಿ, ಪೇಪರನ್ನು ಸುರುಳಿ ಸುತ್ತುತ್ತ ಗಾಳಿಗೆ ಎದುರಾಗಿ ಬನ್ನಿ. ತಿರುಗಾಮುರುಗಾ ಮಾಡಿದರೆ ಗಾಳಿ ಪೇಪರಿನಡಿ ಹೊಕ್ಕು, ಹಿಡಿದವನನ್ನೂ ಸೇರಿಸಿ ಎತ್ತುತ್ತದೆ.

ಸ್ಪ್ರಿಂಗನ್ನು ತುದಿ ಹಿಡಿದು ಸರ್ರನೆ ಎಳೆಯಬೇಡಿ. ಒಂದೊಂದು ಮಡಿಕೆಯನ್ನೇ ಬಿಡಿಸುತ್ತ ಹೋದರೆ ಉಳಿಯುತ್ತದೆ. ಹಳೆ ಪೇಪರ್ ಎಷ್ಟೇ ಚೆನ್ನಾಗಿ ಕಂಡರೂ ಮತ್ತೆ ಛಾವಣಿಗೆ ಬೇಡ. ಬಿಸಿಲು ತಿಂದ ಪೇಪರ್ ಮಡಿಕೆಯಲ್ಲೇ ಸೀಳುತ್ತದೆ. ಹೊಟ್ಟಿನ ಬಣವೆ ಮುಚ್ಚಲು ಇಟ್ಟುಕೊಳ್ಳಿ.

ಸ್ಪ್ರಿಂಗ್ ಕೂರುವ ಪಟ್ಟಿ, ಅಂದರೆ ಅಲ್ಯೂಮಿನಿಯಂ ಪ್ರೊಫೈಲ್, ಮೆತ್ತನೆಯ ಸಾಮಾನು. ಎಲ್ಲ ಸ್ಕ್ರೂ ತೆಗೆದ ಮೇಲೆ ಇಬ್ಬರು ಎರಡು ತುದಿ ಹಿಡಿದು ಇಳಿಸಬೇಕು. ನಡುವೆ ಒಂದು ಸ್ಕ್ರೂ ಮರೆತು ಜಗ್ಗಿದರೆ ಬಾಯಿ ಅಗಲಿಸುತ್ತದೆ, ಬಾಯಿ ಅಗಲಿಸಿದ ಪ್ರೊಫೈಲು ಸ್ಪ್ರಿಂಗ್ ಹಿಡಿಯುವುದಿಲ್ಲ. ಒಂದು ತುಂಡು ಸ್ಪ್ರಿಂಗನ್ನು ಜೇಬಿನಲ್ಲಿಟ್ಟುಕೊಂಡು ಪ್ರತಿ ಪ್ರೊಫೈಲಿಗೂ ಕೂರಿಸಿ ನೋಡಿ, ಸಡಿಲ ಇದ್ದದ್ದನ್ನು ಅಲ್ಲೇ ಬೇರೆ ಇಡಿ.

ಇನ್ನು ಪೈಪು. ಉದ್ದಕ್ಕೆ ಓಡುವ ಪರ್ಲಿನ್, ಮೂಲೆಗೆ ಕೊಟ್ಟ ಬ್ರೇಸಿಂಗ್, ಕಮಾನು, ಗಟರ್, ಅಡ್ಡ ಪೈಪು, ಕಂಬ — ಇದರಲ್ಲಿ ಬ್ರೇಸಿಂಗನ್ನು ಮಾತ್ರ ಸರದಿ ಬಿಟ್ಟು ಕೊನೆಗೆ, ಕಂಬ ಬಿಚ್ಚುವ ಮುಂಚಿನ ಹಂತಕ್ಕೆ ತಳ್ಳಿ. ಒಂದು ತುದಿಯ ಅಂಕಣದ ಪರ್ಲಿನ್ ತೆಗೆದು, ಅದರ ಕಮಾನು ಇಳಿಸಿ, ಮುಂದಿನ ಅಂಕಣಕ್ಕೆ ಹೋಗಿ. ಇಡೀ ಮನೆಯ ಪರ್ಲಿನ್ ಒಮ್ಮೆಲೇ ತೆಗೆದರೆ ಕಮಾನುಗಳು ಇಸ್ಪೀಟಿನೆಲೆಯ ಹಾಗೆ ಒಂದರ ಮೇಲೊಂದು ಮಲಗುತ್ತವೆ. ಕಮಾನಿಗೆ ಎರಡು ಕಡೆ ಹಗ್ಗ ಕಟ್ಟಿ, ಕೆಳಗೆ ಇಬ್ಬರು ಹಗ್ಗ ಹಿಡಿದ ಮೇಲೆಯೇ ಕೊನೆಯ ಬೋಲ್ಟು ತೆಗೆಯಿರಿ. ಪರ್ಲಿನ್ ಬಿಚ್ಚಿದ ಮೇಲೆ ಗಟರಿನ ಮೇಲೆ ನಡೆಯುವುದು ನಿಲ್ಲಲಿ, ಪಕ್ಕಕ್ಕೆ ಆಸರೆ ಕಳೆದುಕೊಂಡ ಗಟರ್ ಹೊರಳುತ್ತದೆ.

ಗಟರ್ ತುಂಡುಗಳ ನಡುವಿನ ಹಳೆ ಸಿಲಿಕಾನನ್ನು ಬ್ಲೇಡಿನಿಂದ ಕೊಯ್ದುಕೊಳ್ಳಿ, ಸುತ್ತಿಗೆಯಿಂದ ಬಡಿದು ಬಿಡಿಸಿದರೆ ಅಂಚು ಸೊಟ್ಟಗಾಗಿ ಜನ್ಮಪೂರ್ತಿ ಸೋರುತ್ತದೆ. ಕ್ಲಾಂಪುಗಳನ್ನು ಬಕೆಟಿಗೆ ಸುರಿಯಬೇಡಿ. ಆಯಾ ಪೈಪಿನ ಕ್ಲಾಂಪನ್ನು ಆಯಾ ಪೈಪಿಗೇ ಮತ್ತೆ ಹಾಕಿ, ನಟ್ಟನ್ನು ಕೈಯಲ್ಲಿ ತಿರುಗಿಸಿ ಬಿಡಿ. ಬಕೆಟಿಗೆ ಹೋಗುವುದು ಬಿಡಿ ಬೋಲ್ಟು ಮಾತ್ರ.

ಕಂಬ ಬಿಚ್ಚಿದ ಮೇಲೆ ಬುಡದ ಪೈಪು ಉಳಿಯುತ್ತದೆ. ಅದನ್ನು ಕಾಂಕ್ರೀಟಿನಿಂದ ಬಿಡಿಸುವ ಕೂಲಿ ಹೊಸ ಪೈಪಿನ ಬೆಲೆಗೆ ಸಮ, ಹಲವು ಸಲ ಹೆಚ್ಚು. ಮಣ್ಣಿನಲ್ಲಿದ್ದ ತುದಿ ತುಕ್ಕು ತಿಂದಿರುತ್ತದೆ ಬೇರೆ. ಜಮೀನಿನವರು ಉಳುಮೆಗೆ ಅಡ್ಡಿ ಅಂದರೆ ಗುದ್ದಲಿಯಿಂದ ಸುತ್ತ ತೋಡಿ ಗಡ್ಡೆಸಮೇತ ಜೆಸಿಬಿಯಲ್ಲಿ ಎತ್ತಿಸಿ ಬಿಸಾಕಿ, 45 ಹೊಸ ಬುಡದ ಪೈಪು ಲೆಕ್ಕಕ್ಕೆ ಹಿಡಿಯಿರಿ.

ಹೊರಡುವ ಮೊದಲು ಕಂಬಗಳ ಬುಡದ ಮಣ್ಣು ಕೆರೆದು, ಬ್ರಷ್ಷು ಹಾಕಿ ತೊಳೆದು, ಒಣಗಿಸಿ. ಬೇರುಗಂಟು ಜಂತು ಇದ್ದ ಮನೆಯ ಮಣ್ಣು ಹೊಸ ಹೊಲಕ್ಕೆ ಪುಕ್ಕಟೆ ಬರುವುದು ಹೀಗೆಯೇ. ಬ್ಲೀಚಿಂಗ್ ಪುಡಿ ಹಾಕಬೇಡಿ, ಸತುವಿಗೆ ಅದು ವಿಷ.

ಲಾರಿ

ಟ್ರ್ಯಾಕ್ಟರ್ ಟ್ರೇಲರಿನಲ್ಲಿ 6 ಮೀಟರ್ ಪೈಪು ಅರ್ಧ ಹೊರಗೆ ಚಾಚುತ್ತದೆ. ಅದು ನಿಯಮಕ್ಕೂ ವಿರುದ್ಧ, ರಾತ್ರಿ ಹಿಂದೆ ಬರುವ ಬೈಕಿನವನ ಜೀವಕ್ಕೂ ಕುತ್ತು. 6 ಮೀಟರ್ ಅಂದರೆ 20 ಅಡಿಗೆ ಸ್ವಲ್ಪ ಕಡಿಮೆ, ಆದ್ದರಿಂದ 22 ಅಡಿ ಬಾಡಿಯ ಲಾರಿ ಕೇಳಿ. ತಳಕ್ಕೆ ಕಂಬ, ಅದರ ಮೇಲೆ ಅಡ್ಡ ಪೈಪು, ಪರ್ಲಿನ್. ಗಟರುಗಳನ್ನು ಒಂದರೊಳಗೊಂದು ಕೂರಿಸಿ ನಡುವೆ ಗೋಣಿತಾಟು ಹಾಕಿ. ಕಮಾನು ಎಲ್ಲಕ್ಕಿಂತ ಮೇಲೆ, ಅದರ ಮೇಲೆ ಏನೂ ಬೇಡ, ಕೂಲಿಯಾಳುಗಳೂ ಬೇಡ. ಒಂದು ಕಮಾನು ಎರಡಿಂಚು ಅಗಲವಾದರೂ ಆ ಜಾಗದಲ್ಲಿ ಪೇಪರ್ ಸುಕ್ಕುಗಟ್ಟಿ ನೀರು ನಿಲ್ಲುತ್ತದೆ. ಪ್ರೊಫೈಲನ್ನು ಹತ್ತತ್ತರ ಕಟ್ಟು ಕಟ್ಟಿ ಬದಿಗೆ ಇಡಿ. ಕರಾರು ಪತ್ರ, ಸಾಮಾನಿನ ಪಟ್ಟಿ ಡ್ರೈವರ್ ಕೈಯಲ್ಲಿರಲಿ.

ಇಳಿಸಿದ ಮೇಲೆ ಪೈಪುಗಳನ್ನು ನೆಲದಿಂದ ಎತ್ತರಿಸಿ, ಒಂದು ತುದಿ ತಗ್ಗು ಮಾಡಿ, ನಡುವೆ ಗಾಳಿ ಆಡುವಂತೆ ಜೋಡಿಸಿ. ತಾಡಪತ್ರಿ ಬಿಗಿಯಾಗಿ ಹೊದಿಸಿಟ್ಟರೆ ಒಳಗೆ ಬೆವತು, ತಿಂಗಳೊಳಗೆ ಜಿಐ ಮೇಲೆ ಬಿಳಿ ತುಕ್ಕು ಬೂಷ್ಟಿನಂತೆ ಹಬ್ಬುತ್ತದೆ. ಬೋಲ್ಟು ಬಕೆಟ್ಟು, ಕ್ಲಾಂಪು ಮನೆಯೊಳಗಿರಲಿ.

ಹೊಸ ನೆಲ, ಹೊಸ ಲೆಕ್ಕ

ಕುಷ್ಟಗಿ ಕಡೆಯ ಮಸಾರಿಯಲ್ಲಿ (ಕೆಂಪುಮಣ್ಣಿನಲ್ಲಿ) ನಿಂತಿದ್ದ ಮನೆಯನ್ನು ಸಿಂಧನೂರಿನ ಎರೆಗೆ ತಂದರೆ ಹಳೆಯ ಗುಂಡಿ ಅಳತೆ ಕೆಲಸಕ್ಕೆ ಬರುವುದಿಲ್ಲ. ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿ ಕೈ ತೂರುವಷ್ಟು ಬಿರಿಯುತ್ತದೆ. ಕಂಬದ ಬುಡವನ್ನು ಆ ಮಣ್ಣು ವರ್ಷಕ್ಕೊಮ್ಮೆ ಎತ್ತಿ ಇಳಿಸುತ್ತದೆ. ಒಂದು ಕಂಬ ಎದ್ದು ಪಕ್ಕದ್ದು ಕೂತರೆ ಗಟರಿನ ಇಳಿಜಾರು ಕೆಟ್ಟು ನೀರು ನಡುವೆ ನಿಲ್ಲುತ್ತದೆ.

ಮಸಾರಿಯಲ್ಲಿ 30×30 ಸೆಂ.ಮೀ. ಅಗಲ, 75 ಸೆಂ.ಮೀ. ಆಳ ಸಾಕು. 1:2:4 ಗಾರೆಯಲ್ಲಿ (ಸಿಮೆಂಟು, ಮರಳು, ಜಲ್ಲಿಕಡಿ) 45 ಗುಂಡಿಗೆ ಒಟ್ಟು 3 ಘನ ಮೀಟರ್ ಕಾಂಕ್ರೀಟು, ಸಿಮೆಂಟು ಸುಮಾರು 20 ಚೀಲ. ಎರೆಯಲ್ಲಿ 40×40, ಆಳ 90 ಸೆಂ.ಮೀ.ಗೆ ಕಡಿಮೆ ಬೇಡ. ಗರಸು, ಅಂದರೆ ಕಲ್ಲುಮಿಶ್ರಿತ ಗಟ್ಟಿಮಣ್ಣು, ಸಿಗುವ ತನಕ ಇಳಿದರೆ ಇನ್ನೂ ಒಳ್ಳೆಯದು. ತಳವನ್ನು ಮೇಲಿಗಿಂತ ಅಗಲವಾಗಿ ತೋಡಿ, ಮೇಲಕ್ಕೆ ಕಿತ್ತು ಬರದಂತೆ ಅದು ಕಚ್ಚಿ ಹಿಡಿಯುತ್ತದೆ. ಕಾಂಕ್ರೀಟು 6.5 ಘನ ಮೀಟರ್, ಸಿಮೆಂಟು 41 ಚೀಲದ ಹತ್ತಿರ. ಗುಂಡಿಯ ಮೇಲ್ಭಾಗದ ಸುತ್ತ ಎರೆಯನ್ನೇ ತುಂಬಬೇಡಿ, ಗರಸು ಹಾಕಿ ಬಡಿಯಿರಿ. ಕಾಲುವೆ ಕೆಳಗಿನ ಗದ್ದೆ ಬದಿಯಲ್ಲಿ ಗುಂಡಿಗೆ ನೀರು ಊರುತ್ತದೆ, ಆ ನೀರು ಎತ್ತಿಹಾಕದೆ ಕಾಂಕ್ರೀಟು ಸುರಿದರೆ ಸಿಮೆಂಟು ತೊಳೆದುಹೋಗಿ ಕಡಿ ಮಾತ್ರ ಉಳಿಯುತ್ತದೆ. ಗಂಗಾವತಿ, ಕಂಪ್ಲಿ ಕಡೆ ತದ್ವಿರುದ್ಧ, ಎರಡಡಿಗೇ ಬಂಡೆ ಸಿಗಬಹುದು. ಆಗ ಬಂಡೆಗೆ ಕೊರೆದು ಕಂಬಿ ಕೂರಿಸಿ ಅದಕ್ಕೆ ಬುಡದ ಪೈಪು ಬಿಗಿಯಬೇಕೇ ಹೊರತು ಆಳ ಕಡಿಮೆ ಮಾಡಿ ಸುಮ್ಮನಾಗಬಾರದು.

ಇಷ್ಟು ಕಾಂಕ್ರೀಟು ಮನೆಯನ್ನು ಹೊರಲಿಕ್ಕಲ್ಲ, ಹಾರಿಹೋಗದಂತೆ ಹಿಡಿಯಲಿಕ್ಕೆ. ಗಂಟೆಗೆ 100 ಕಿ.ಮೀ. ಗಾಳಿ ಒಂದು ಚದರ ಮೀಟರಿನ ಮೇಲೆ ಸುಮಾರು 47 ಕಿಲೋ ಒತ್ತಡ ಹಾಕುತ್ತದೆ. ಒಂದು ಕಂಬದ ಪಾಲಿಗೆ ಬರುವ ಛಾವಣಿ 32 ಚದರ ಮೀಟರ್. ಚಿಕ್ಕ ಗುಂಡಿಯ ಕಾಂಕ್ರೀಟು ತೂಗುವುದು 162 ಕಿಲೋ. ಉಳಿದದ್ದನ್ನು ಸುತ್ತಲಿನ ಮಣ್ಣಿನ ಹಿಡಿತವೇ ತಡೆಯಬೇಕು, ಎರೆ ಬಿರಿದಾಗ ಆ ಹಿಡಿತವೇ ಇರುವುದಿಲ್ಲ.

ದಿಕ್ಕು ಹೀಗಿರಲಿ: ಗಟರ್ ದಕ್ಷಿಣೋತ್ತರ, ಮೇಲಿನ ಕಿಟಕಿ ಮೂಡಣಕ್ಕೆ. ನಮ್ಮಲ್ಲಿ ಜೋರು ಗಾಳಿ ಮುಂಗಾರಿನಲ್ಲಿ ಪಡುವಣ, ನೈಋತ್ಯದಿಂದ ಬರುತ್ತದೆ. ದೊಡ್ಡ ಕಮಾನಿನ ಬೆನ್ನು ಅದಕ್ಕೆ ಎದುರಾಗಬೇಕು. ಹಳೆ ಜಾಗದಲ್ಲಿ ಬೇರೆ ದಿಕ್ಕಿಗೆ ಇತ್ತು ಎಂದು ಹಾಗೇ ಕೂರಿಸಬೇಡಿ.

ಮೂಲೆ ನೇರ ಹಿಡಿಯಲು 3-4-5 ದಾರದ ಲೆಕ್ಕ (3, 4, 5 ಮೀಟರ್ ಬದಿಯ ತ್ರಿಕೋನ), ಆಮೇಲೆ ಮೂಲೆಗೆರೆ. 32×32ಕ್ಕೆ ಅದು 45.25 ಮೀಟರ್ ಬರಬೇಕು, ಎರಡರ ನಡುವೆ ಒಂದು ಸೆಂ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬೇಡ. ಕಂಬದ ಅಂತರ ನೋಟ್‌ಬುಕ್ಕಿನಲ್ಲಿರುವುದು, ತಲೆಯಲ್ಲಿರುವುದಲ್ಲ. ಬುಡದ ಪೈಪುಗಳ ತಲೆಯನ್ನು ಮಟ್ಟ ನೋಡುವ ನೀರಿನ ಟ್ಯೂಬು ಹಿಡಿದು, 32 ಮೀಟರಿಗೆ 16 ಸೆಂ.ಮೀ. ಇಳಿಯುವಂತೆ ದಾರಕ್ಕೆ ಸರಿಯಾಗಿ ಕೂರಿಸಿ. ಕಂಬದ ಹಳೆ ತೂತಿಗೆ ಹೊಂದುವಂತೆ ಹೊಸ ಬುಡದ ಪೈಪಿಗೆ ತೂತು ಕೊರೆಯುವುದು ಆಮೇಲೆ. ಏಳು ದಿನ ನೀರು ಹಾಕಿ ಕ್ಯೂರಿಂಗ್ ಆಗುವ ತನಕ ಕಂಬ ಏರಿಸಬೇಡಿ.

ಎತ್ತಿ ನಿಲ್ಲಿಸುವಾಗ

ಬಿಚ್ಚಿದ್ದರ ತಿರುವು ಕ್ರಮ: ಕಂಬ, ಬ್ರೇಸಿಂಗ್, ಅಡ್ಡ ಪೈಪು, ಗಟರ್, ಕಮಾನು, ಪರ್ಲಿನ್. ಒಂದು ಸಾಲು ಪೂರ್ತಿ ನಿಲ್ಲುವ ತನಕ ಯಾವ ಬೋಲ್ಟನ್ನೂ ಪೂರ್ತಿ ಬಿಗಿಯಬಾರದು. ಮೊದಲ ಕಂಬದಲ್ಲೇ ಬಿಗಿದರೆ ಒಂಬತ್ತನೆಯ ಕಂಬದ ಹೊತ್ತಿಗೆ ತೂತು ಅರ್ಧ ಇಂಚು ಸರಿದಿರುತ್ತದೆ, ಆಗ ಸುತ್ತಿಗೆ, ಗ್ರೈಂಡರ್ ಶುರುವಾಗುತ್ತದೆ. ಕೊರೆದ, ಕೊಯ್ದ, ಗೀರಿದ ಜಾಗಕ್ಕೆಲ್ಲ ಸತುವಿನ ಪೇಂಟು ಎರಡು ಕೈ. ಬಕೆಟಿನ ಹಳೆ ಬೋಲ್ಟು ಅಳತೆ ನೋಡಲು ಮಾತ್ರ, ಬೋಲ್ಟು ಎಲ್ಲ ಹೊಸದು ಹಾಕಿ, ಇಲ್ಲಿ ಉಳಿಸುವ ದುಡ್ಡು ಯಾವ ಲೆಕ್ಕಕ್ಕೂ ಬಾರದು. ಗಟರ್ ಜೋಡಣೆಗೆ ಹೊಸ ಸೀಲೆಂಟ್ ಹಚ್ಚಿ, ಎರಡು ದಿನದ ಮೇಲೆ ಒಂದು ತುದಿಯಿಂದ ಡ್ರಮ್ಮಿನ ನೀರು ಸುರಿದು ಕೆಳಗೆ ನಿಂತು ನೋಡಿ. ಪೇಪರ್ ಹೊದಿಸಿದ ಮೇಲೆ ಸೋರಿಕೆ ಸರಿಮಾಡುವುದು ಮೂರು ಪಟ್ಟು ಕೆಲಸ.

200 ಮೈಕ್ರಾನ್ ಪೇಪರ್ ಚದರ ಮೀಟರಿಗೆ ಸುಮಾರು 184 ಗ್ರಾಂ ತೂಗುತ್ತದೆ, ಅಂದರೆ ಕಿಲೋಗೆ 5.4 ಚದರ ಮೀಟರ್ ಚಿಲ್ಲರೆ. ಅಂಗಡಿಯವರು ಕಿಲೋ ಲೆಕ್ಕದಲ್ಲಿ ಕೊಟ್ಟಾಗ ಈ ಸಂಖ್ಯೆ ನೆನಪಿರಲಿ. ಅಗಲವನ್ನು ಪ್ರೊಫೈಲಿನಿಂದ ಪ್ರೊಫೈಲಿಗೆ ಹಗ್ಗ ಹಿಡಿದು ಅಳೆದು, ಎರಡೂ ಬದಿಗೆ ಒಂದೊಂದು ಗೇಣು ಸೇರಿಸಿ. ಪೇಪರ್ ತಗಲುವ ಪೈಪಿನ ಮೇಲ್ಮೈಗೆ ಬಿಳಿ ಪೇಂಟು ಹಚ್ಚಿ. ಕಾದ ಪೈಪಿನ ಮೇಲೆಯೇ ಪೇಪರ್ ಮೊದಲು ಸುಟ್ಟು ಸೀಳುವುದು. ಗಂಧಕ ಹೆಚ್ಚು ಬಳಸುವವರ ಪೇಪರಿನ ಆಯುಸ್ಸೂ ಕಡಿಮೆ, ಅದನ್ನೂ ಲೆಕ್ಕದಲ್ಲಿಡಿ. ಅಂಚಿನ ಬರಹ ಓದಿ ಯಾವ ಮಗ್ಗುಲು ಒಳಗೆ ಎಂದು ತಿಳಿಯಿರಿ, ಹನಿ ಜಾರಿಸುವ ಮಗ್ಗುಲು ಹೊರಗೆ ಹೋದರೆ ಬೆಳಗಿನ ಇಬ್ಬನಿ ಗಿಡದ ತಲೆ ಮೇಲೆ ತೊಟ್ಟಿಕ್ಕುತ್ತದೆ.

ಹೊದಿಸುವುದು ಗಾಳಿ ಇಲ್ಲದ ಬೆಳಿಗ್ಗೆ, ಸೂರ್ಯ ಸ್ವಲ್ಪ ಮೇಲೆ ಬಂದು ಪೇಪರ್ ಮೆತ್ತಗಾದ ಮೇಲೆ. ನಸುಕಿನ ಚಳಿಯಲ್ಲಿ ಎಳೆದು ಕಟ್ಟಿದ್ದು ಮಧ್ಯಾಹ್ನ ಜೋಲುತ್ತದೆ, ಗಾಳಿಗೆ ಪಟಪಟ ಬಡಿದುಕೊಳ್ಳುತ್ತದೆ. ಉರಿಬಿಸಿಲಲ್ಲಿ ಬಿಗಿದದ್ದು ರಾತ್ರಿ ಕುಗ್ಗಿ ಸ್ಪ್ರಿಂಗ್ ಹತ್ತಿರ ಹರಿಯುತ್ತದೆ. ಛಾವಣಿ ಮುಗಿದ ದಿನವೇ ಬದಿ ಮುಚ್ಚುವಷ್ಟು ನೆಟ್ಟು, ಕರ್ಟನ್ ತಯಾರಿರಲಿ. ಏಪ್ರಿಲ್-ಮೇಯಲ್ಲೂ ಬೆಳೆ ಬೇಕು, ತಂಪು ಮಾಡಲು ನೀರಿಲ್ಲ ಅನ್ನುವವರು ಇದೇ ಹಂದರಕ್ಕೆ ಪೇಪರ್ ಬದಲು ನೆರಳು ನೆಟ್ ಹಾಕಿ ನೆಟ್ ಹೌಸ್ ಮಾಡಿಕೊಳ್ಳಬಹುದು. ಗಾಳಿಯ ಹೊಡೆತವೂ ಕಡಿಮೆ, ತರಕಾರಿ ಬೀಜೋತ್ಪಾದನೆಗೆ ಅಷ್ಟು ಸಾಕು. ಮಳೆ ಮಾತ್ರ ಒಳಗೆ ಬರುತ್ತದೆ.

ಮೊದಲ ಜೋರು ಗಾಳಿ ಬೀಸಿದ ಮಾರನೇ ದಿನ ಕ-1ರಿಂದ ಚ-9ರ ತನಕ ಸ್ಪ್ಯಾನರ್ ಹಿಡಿದು ಒಂದು ಸುತ್ತು ಬನ್ನಿ, ಹತ್ತರಲ್ಲೊಂದಾದರೂ ಸಡಿಲವಾಗಿರುತ್ತದೆ. ಮೊದಲ ದೊಡ್ಡ ಮಳೆ ಆದ ಮೇಲೆ ಕಂಬದ ಬುಡದಲ್ಲಿ ಗರಸು ಕೂತು ತಗ್ಗು ಬಿದ್ದಿರುತ್ತದೆ. ಅದಕ್ಕೆ ಮತ್ತೆ ಗರಸು ತುಂಬಿ, ನೀರು ಹೊರಗೆ ಹರಿಯುವಂತೆ ಗುಪ್ಪೆ ಮಾಡಿ ಬಡಿಯಿರಿ. ಬುಡದ ಬೋಲ್ಟು ಮಣ್ಣಿನ ಮೇಲೇ ಕಾಣುತ್ತಿರಲಿ.